ಎರಡು ಕೋಣೆ

ಕೌಲ್ ಬಜಾರಿನ ಹುಸೇನಪ್ಪನ ಷೆಡ್ಡಿನಲ್ಲಿ
ಪೆಡಲ್ ಮೇಲೆ ಕಾಲಿಟ್ಟು ಕೂತಿದ್ದೇನೆ.
"ಒತ್ರಿ ಟೀಚರಮ್ಮ." ಒತ್ತುತ್ತೇನೆ.
"ಹಿಡೀರಿ." ಹಿಡಿಯುತ್ತೇನೆ.
ಎಡ ಹಿಂಚಕ್ರದ ಹತ್ತಿರ ಎಲ್ಲೋ
ಪಿಚಕ್ಕೆಂದು ಗಾಳಿ ಸೀನುತ್ತದೆ.
"ಬಿಡ್ರಿ."

ಗಣಿ ಆಫೀಸಿನ ಹರಾಜಿನಲ್ಲಿ ಹಿಡಿದ ಫಿಯಟ್ಟು,
ನನಗಿಂತ ಎರಡು ವರ್ಷ ದೊಡ್ಡದು.
ಸಂಡೂರಿನ ಇಳಿಜಾರಿನಲ್ಲಿ ಒಂದೇ ಒಂದು ವಾಷರ್ ಹರಿದು
ನಾಲ್ಕೂ ಗಾಲಿ ಒಟ್ಟಿಗೆ ಕೈಬಿಟ್ಟವು.
ಅದಿರಿನ ಗುಡ್ಡೆಗೆ ಮೂತಿ ತೂರಿಸಿ ನಿಂತೆವು,
ನಾನೂ ಅದೂ, ರೆಪ್ಪೆಗೂದಲವರೆಗೂ ಕೆಂಪು.

"ಹಳೇದಕ್ಕೆ ಒಂದೇ ಕೋಣಿರೀ," ಅಂದ ಹುಸೇನಪ್ಪ,
"ಒಂದು ಕಡೆ ಸೋರಿದ್ರೆ ಮನಿಯೆಲ್ಲ ಖಾಲಿ."
ಹೊಸದು ಮಾರುತಿಯದು. ಎರಡು ಕೋಣೆ:
ಮುಂದಿನ ಗಾಲಿಗೊಂದು, ಹಿಂದಿನದಕ್ಕೊಂದು.
ಆದರೆ ಹಲ್ಲು ಬೇರೆ, ತೂತು ಬೇರೆ, ಮೂತಿ ನಿಂತ ದಿಕ್ಕೇ ಬೇರೆ.
ಮೂರು ದಿನ ಪ್ಲೇಟು ಕೊರೆದ, ಪೈಪು ಬಾಗಿಸಿದ,
ತಳ್ಳುವ ಕಡ್ಡಿಯನ್ನು
ತೇಯ್ದು ನೋಡಿದ, ನೋಡಿ ತೇಯ್ದ.
"ಕೂದಲೆಳೆಯಷ್ಟು ಸಡಿಲ ಇರಬೇಕ್ರಿ.
ಪೂರಾ ಬಿಗಿದ್ರೆ, ಹಿಡಿದಿದ್ದು ಬಿಡಂಗಿಲ್ಲ."

ಒತ್ರಿ. ಹಿಡೀರಿ. ಬಿಡ್ರಿ.
ಎದ್ದೇಳಿ, ಕೂತ್ಕೊಳ್ಳಿ ಎಂದು
ಮೂವತ್ತು ವರ್ಷ ಅಂದವಳು ನಾನು.
ನಲವತ್ತನೆಯ ಸಲಕ್ಕೋ ಏನೋ
ಪಾದದಡಿ ನೆಲ ಸಿಕ್ಕಿತು.

ಹಳೆಯದನ್ನು ಅವನು ರಸೀದಿಗಳ ಮೇಲಿಟ್ಟ,
ಫ್ಯಾನಿಗೆ ಹಾರದಿರಲೆಂದು.

ಸಂಜೆ ಗಣಿ ರಸ್ತೆಯಲ್ಲಿ ಐವತ್ತಕ್ಕೆ ಏರಿಸಿ ಒತ್ತಿದೆ.
ನಿಂತಿತು.
ಬೆನ್ನಟ್ಟಿ ಬರುತ್ತಿದ್ದ ಕೆಂಧೂಳು
ನಿಲ್ಲಲು ಬಾರದೆ
ನಮ್ಮನ್ನು ದಾಟಿ ಮುಂದೆ ಹೋಯಿತು.