ಟೈರು ಓದುವವನು

ರೈಲ್ವೆ ಗೇಟಿನ ಮಗ್ಗುಲಿಗೆ, ಗಾಳಿ ತಿರುಗಿದಾಗಲೆಲ್ಲ
ಮಂಡಕ್ಕಿ ಭಟ್ಟಿಯ ಹೊಗೆ ಬಂದು ಕೂರುವ ಅಂಗಡಿ.
ದಾದಾಪೀರ್ ನನ್ನ ವಯಸ್ಸು ಕೇಳಲಿಲ್ಲ.
ಸಕ್ಕರೆ ಕಾಯಿಲೆಯ ಚೀಟಿ ತೋರಿಸಿದರೆ ಮಡಚಿ ವಾಪಸು ಕೊಟ್ಟ.
‘ಮಾಳಿಗೆ ಹತ್ತಿದ ಮ್ಯಾಲೆ
ಮಾತಾಡಾಕೆ ಬರ್ತತೋ, ಇಲ್ಲೋ? ಅಷ್ಟು ಹೇಳ್ರಿ ಮೇಡಂ.’

ಬರುತ್ತದೆ, ಅಂದೆ. ಒಂದು ಮಾತು.
ಎರಡನೆಯದಕ್ಕೆ ಕಂಬಿ ಹಿಡಿಯಬೇಕು.
ವಿಮಾ ಕಚೇರಿಯ ಕೌಂಟರಿನಲ್ಲಿ
ಇಪ್ಪತ್ತೆರಡು ವರ್ಷ ಕೂತ ಸೊಂಟ ನನ್ನದು.

ಸೀಮೆಸುಣ್ಣ ಹಿಡಿದು ಷಟರಿನ ಮೇಲೆ ಒಂದು ಸೊನ್ನೆ ಬರೆದ:
ಕುಂದುವಾಡ ಕೆರೆ.
‘ಹಾಡು ಗುನುಗಾಕೆ ಬರೋವರೆಗೂ ಇದರಾಗೇ ತಿರುಗ್ರಿ.’

ತಿರುಗಿದೆ. ಆಷಾಢದ ಗಾಳಿ ಅರ್ಧ ಸುತ್ತು ತಳ್ಳುತ್ತಿತ್ತು,
ಅರ್ಧ ಸುತ್ತು ಎದೆಗೆ ಕೈಯಿಟ್ಟು ನಿಲ್ಲಿಸುತ್ತಿತ್ತು.
ಮಂಡಿ ಆಪರೇಷನ್ ಆದ ಮುರಿಗೆಪ್ಪ ಮೇಷ್ಟ್ರು
ಮೊಮ್ಮಗಳ ಗುಲಾಬಿ ಸೈಕಲ್ಲಿನಲ್ಲಿ ಎದುರು ಬಂದು
ಹಾಜರಿ ಕರೆದ ಹಾಗೆ ಕರೆಯುತ್ತಿದ್ದರು: ‘ಸರ್ವಮಂಗಳಾ!’
‘ಬಂದೀನಿ ಸಾರ್’ ಅನ್ನುವಷ್ಟು ಉಸಿರು
ಮೊದಲ ವಾರ ಇರಲಿಲ್ಲ, ಗಂಟೆ ಬಾರಿಸುತ್ತಿದ್ದೆ.
ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಲು ಕೂತಿರುತ್ತಿತ್ತು,
ನಾನೂ ಅದರ ಎದುರು ಕೂತು ಸೆರಗು ಒಣಗಿಸಿಕೊಳ್ಳುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಎರಡನೆಯ ಗೆರೆ:
ಆವರಗೊಳ್ಳ, ಕಕ್ಕರಗೊಳ್ಳ, ಕೊಂಡಜ್ಜಿ.
‘ಸಪಾಟು ದಾರಿ. ಆದರೆ ಕಣ್ಣಿಗೆ ಕಾಣದ ಏರು ಐತೆ,
ತೊಡೆಗೆ ಮಾತ್ರ ಗೊತ್ತಾಗ್ತತೆ.’
ಮೂರನೆಯದು ಷಟರು ಸಾಲದೆ ಗೋಡೆಗೆ ಹತ್ತಿತ್ತು.
ಹದಡಿ, ಸಂತೇಬೆನ್ನೂರು, ಅದರಾಚೆ ಸೂಳೆಕೆರೆ.
ಆ ದಾರಿ ಪಾಲಿಟೆಕ್ನಿಕ್ಕಿನ ತಸ್ಮಿಯಾಳದು.
ಕತ್ತಲಲ್ಲಿ ಹೋಗುವಳು, ಹತ್ತೂವರೆಗೆ ಕ್ಲಾಸಿನಲ್ಲಿರುವಳು.

ಬೆಳಿಗ್ಗೆ ಷಟರು ಎತ್ತಿದರೆ
ಕೆರೆಯೂ ಕೊಂಡಜ್ಜಿಯೂ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತವೆ.
ರಾತ್ರಿ ಮತ್ತೆ ಇಳಿಯುತ್ತವೆ.

ಒಂದು ದಿನ ಕೇಳಿದೆ: ನೀವು ಯಾವಾಗ ಹೋಗಿದ್ದು ಅಲ್ಲಿಗೆಲ್ಲ?
‘ನಾನಾ? ಅಂಗಡಿ ಯಾರು ನೋಡ್ಕೋತಾರ್ರಿ.
ಟೈರು ಬಂದು ಹೇಳ್ತಾವು.’
ಚಾನಲ್ ಏರಿ ಹಿಡಿದವರಿಗೆ ಜಾಲಿಮುಳ್ಳು,
ಲೋಕಿಕೆರೆ ಕಡೆಯವರಿಗೆ ಎರೆಮಣ್ಣು, ಉಗುರಿನಲ್ಲಿ ಕೆರೆಯಬೇಕು.
ಗುಡ್ಡದ ತನಕ ಹೋದವರಿಗೆ ಕೆಂಪು ಗರಸು.
ಮೂವತ್ತು ವರ್ಷ ತೊಟ್ಟಿಯ ನೀರಿನಲ್ಲಿ ಟ್ಯೂಬು ಅದ್ದಿ
ಗುಳ್ಳೆ ಎಲ್ಲೆದ್ದಿತೆಂದು ನೋಡುತ್ತ
ಅವನು ಸುತ್ತಿದ ತಾಲ್ಲೂಕುಗಳು.

ನಾನು ಹೊರಟೆ, ಒಂದು ಭಾನುವಾರ.
ಆವರಗೊಳ್ಳ ಬರುವಾಗಲೇ ಆ ಕಾಣದ ಏರು ಕಂಡಿತು.
ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿದ್ದರು,
ಇಬ್ಬರು ಹೆಂಗಸರು ಕಾಲಲ್ಲೇ ಸಾಲು ಹೊಡೆಯುತ್ತ ನಡೆದರೆ
ಹಿಂದೆ ಹೊಳೆಯಂಥ ಗೆರೆ ಏಳುತ್ತಿತ್ತು.
ಸೈಕಲ್ ಒರಗಿಸಿದೆ. ಕೂತೆ. ಮಿರ್ಚಿ ತಿಂದೆ, ಮೂರು.
(ಡಾಕ್ಟರಿಗೆ ಒಂದು ಅಂತ ಹೇಳಿದ್ದೇನೆ.)
‘ನೀನೂ ಒಂದು ಸಾಲು ತಿರುವವ್ವ’ ಅಂದಳೊಬ್ಬಳು.
ಚಪ್ಪಲಿ ಬಿಟ್ಟು ತಿರುವಿದೆ. ಬಿಸಿಲಿಗೆ ಕಾಳು ಬೆಚ್ಚಗಿತ್ತು.
ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸಂಜೆ ಅಂಗಡಿಯಲ್ಲಿ ಅಂದೆ, ಕೊಂಡಜ್ಜಿ ನೋಡಿ ಬಂದೆ.
ಕೆರೆ ತುಂಬಿದೆ, ಅಂತಲೂ ಸೇರಿಸಿದೆ.

ದಾದಾಪೀರ್ ಹಿಂದಿನ ಗಾಲಿ ಎತ್ತಿ, ನಿಧಾನ ಒಂದು ಸುತ್ತು ತಿರುಗಿಸಿದ.
ಗೀರಿನೊಳಗಿಂದ ಒಂದು ಮೆಕ್ಕೆಜೋಳದ ಕಾಳು ಕಿತ್ತು
ಅಂಗೈಯಲ್ಲಿಟ್ಟುಕೊಂಡ.
ಇನ್ನೊಂದು ಸುತ್ತು. ಕೆಂಪು ಎಲ್ಲೂ ಇಲ್ಲ.
ನಾನು ಗೇಟಿನ ಕಡೆ ನೋಡಿದೆ, ಗೂಡ್ಸು ಇನ್ನೂ ಮುಗಿದಿರಲಿಲ್ಲ.

ಅವನು ಕಾಳನ್ನು ಗುಬ್ಬಿಗೆ ಎಸೆದ.
ಪಾನಾ ತಗೊಂಡು ಸೀಟು ಸಡಿಲಿಸಿ
ಒಂದು ಬೆರಳು ಮೇಲೆತ್ತಿ ಬಿಗಿ ಮಾಡಿದ.
‘ಮಂಡಿ ಬಗ್ಗೋದು ಜಾಸ್ತಿ ಆಗೇತ್ರಿ, ಅದಕ್ಕೇ.
ಈ ವಾರ ಮೂಡಗಾಳಿ. ಹೋಗುವಾಗ ಬೆನ್ನಿಗಿರ್ತತೆ.’