ಬಿಳಿ ಪೇಂಟಿನ ತಾರೀಖು

ಸುಮ್ಮನಹಳ್ಳಿ ಡಿಪೋದಲ್ಲಿ ಎಲ್ಲದಕ್ಕೂ ಲೆಕ್ಕವಿದೆ.
ಬ್ರೇಕ್ ಲೈನರ್ ಎಷ್ಟು ತೆಳುವಾದರೆ ಬಿಚ್ಚಬೇಕು,
ಫ್ಯಾನ್ ಬೆಲ್ಟು ಯಾವ ದನಿಯಲ್ಲಿ ಕಿರುಗುಟ್ಟಿದರೆ
ಇನ್ನೊಂದು ಟ್ರಿಪ್ಪಿಗೂ ಬಿಡಬಾರದು,
ಆಯಿಲ್ ಯಾವತ್ತು ಬಸಿದದ್ದು, ಬಸಿದವರು ಯಾರು.
ರಿಜಿಸ್ಟರಿನಲ್ಲಿ ಕೆಂಪು ಗೆರೆ, ಕೆಳಗೆ ನನ್ನ ಸಹಿ:
ಎಂ. ಪಾರಿಜಾತ, ಮೆಕ್ಯಾನಿಕ್, ಎರಡನೇ ಪಾಳಿ.

ಮನೆಯಲ್ಲಿ ರಿಜಿಸ್ಟರ್ ಇಲ್ಲ.
ಇರುವುದು ಅತ್ತೆ, ಹೊನ್ನೂರಮ್ಮ.

ಅವರ ರಾಜ್ಯದಲ್ಲಿ ಯಾವ ಸಾಮಾನಿಗೂ ಸಾವಿಲ್ಲ,
ಬರೀ ವರ್ಗಾವಣೆ.
ಮಗನ ಬನಿಯನ್ನು ಕಂಕುಳಲ್ಲಿ ಹರಿದ ದಿನವೇ
ಒಲೆ ಒರೆಸುವ ಹುದ್ದೆಗೆ ಹೋಗುತ್ತದೆ,
ಅಲ್ಲಿಂದ ಸ್ಕೂಟರಿಗೆ, ಸ್ಕೂಟರಿನಿಂದ
ಮಳೆ ಬಂದಾಗ ಬಾಗಿಲ ಸಂದಿಗೆ.
ಕುಕ್ಕರಿನ ಗ್ಯಾಸ್ಕೆಟ್ಟು ರಾತ್ರಿಯೆಲ್ಲ ಫ್ರೀಜರಿನಲ್ಲಿ ಮಲಗಿ
ಬೆಳಿಗ್ಗೆ ಎರಡು ವಿಷಲ್ಲಿಗೆ ಸಾಕಾಗುವಷ್ಟು ಬಿಗಿದುಕೊಂಡು ಏಳುತ್ತದೆ.
ಹಲ್ಲುಜ್ಜುವ ಬ್ರಷ್ಷು ನಾಲ್ಕು ದಿಕ್ಕಿಗೆ ಕೆದರಿ,
‘ಅಮ್ಮಾ, ಇದು ಚುಚ್ಚುತ್ತೆ’ ಎಂದು ಮಗಳು ಬಿಟ್ಟ ಮೇಲೂ
ಸಿಂಕಿನ ಮೂಲೆಯಲ್ಲಿ ನಿಂತಿದೆ,
ನಲ್ಲಿಯ ಕುತ್ತಿಗೆ ಉಜ್ಜುತ್ತ.
ದಿಂಬಿನ ಮಾತು ಬೇಡ.
ಮಳೆಗಾಲದ ಸಕ್ಕರೆ ಮೂಟೆಯ ಮೇಲೆ
ತಲೆಯಿಟ್ಟ ಹಾಗೆ.

ಹೋದ ಭಾನುವಾರ
ಸಿಲಿಂಡರ್ ಬದಲಿಸಲು ಬಗ್ಗಿದವಳಿಗೆ
ಕಿತ್ತಳೆ ಪೈಪಿನ ಮೇಲೆ ಅಕ್ಷರ ಕಂಡಿತು.
ಉಗುರಿನಿಂದ ಜಿಡ್ಡು ಕೆರೆದು ಓದಿದೆ:
ತಯಾರಾದ ತಿಂಗಳು, ವರ್ಷ,
ಐದು ವರ್ಷಕ್ಕೆ ಬದಲಾಯಿಸಿ.
ಸಿರಿಗೌರಿ ನನ್ನ ಹೊಟ್ಟೆಯಲ್ಲಿದ್ದ ವರ್ಷ ಅದು.
ಅವಳಿಗೀಗ ಎಂಟು. ಮುಂದಿನ ಹಲ್ಲುಗಳು
ಯಾರನ್ನೂ ಕೇಳದೆ ಬಿದ್ದು
ಯಾರನ್ನೂ ಕೇಳದೆ ಮತ್ತೆ ಬಂದಿವೆ.

ಡಿಪೋ ಆಗಿದ್ದರೆ ಮೆಮೋ ಕೈಗೆ ಬರುತ್ತಿತ್ತು.

ಕಾಮಾಕ್ಷಿಪಾಳ್ಯದಲ್ಲಿ ಸ್ಟೌ ರಿಪೇರಿಯ ಖಾಜಾ ಸಾಬರು
‘ಸುಮ್ಮನೆ ನೋಡಿದ್ರೆ ಗೊತ್ತಾಗಲ್ಲಮ್ಮ, ಬಗ್ಗಿಸ್ಬೇಕು’ ಎಂದು
ಪೈಪನ್ನು ಎರಡು ಹೆಬ್ಬೆರಳ ನಡುವೆ ಬಗ್ಗಿಸಿದರು.
ಕೂದಲೆಳೆಯ ಬಿರುಕುಗಳು
ಸಾಲಾಗಿ ಕಣ್ಣುಬಿಟ್ಟವು.
ದಿನಕ್ಕೆ ಮೂರು ಸಲ, ಎಂಟು ವರ್ಷ,
ನಾನು ಅದರ ಪಕ್ಕದಲ್ಲೇ ಕಡ್ಡಿ ಗೀರಿದ್ದೆ.

ಮರುದಿನ ಟೈರಿಗೆ ನಂಬರು ಹಾಕುವ ಬಿಳಿ ಪೇಂಟನ್ನು
ಒಂದು ಮುಚ್ಚಳದಷ್ಟು ಊಟದ ಡಬ್ಬಿಯಲ್ಲಿ ತಂದೆ.
(ಇದು ರಿಜಿಸ್ಟರಿನಲ್ಲಿ ಇಲ್ಲ.)
ಹೊಸ ಪೈಪಿನ ರೆಗ್ಯುಲೇಟರಿಗೆ ತಾರೀಖು ಬರೆದೆ,
ನೀರಿನ ಫಿಲ್ಟರಿನ ಬೆನ್ನಿಗೆ, ಹೆಲ್ಮೆಟ್ಟಿನ ಒಳಗೆ,
ಹೊಸ ದಿಂಬಿನ ಮೂಲೆಗೆ,
ಮಗಳ ಚಪ್ಪಲಿಗೆ ಕೂಡ, ಅವಳು ಅತ್ತಳು.
ಅತ್ತೆ ಬಾಗಿಲಲ್ಲೇ ನಿಂತು ನೋಡಿದರು.
‘ನನ್ನ ಬೆನ್ನಿಗೂ ಒಂದು ಬರಿ ಹಂಗಾದ್ರೆ.’

ಏನು ಹೇಳಲಿ? ಅವರ ಮೂಗಿನ ಮೇಲಿನ ಕನ್ನಡಕ ತೆಗೆದೆ.
ಒಂದು ಕಾಲಿಗೆ ಹೊಲಿಗೆ ದಾರ.
ಗಾಜು, ಸ್ಟೀಲ್ ನಾರಿನಿಂದ ತಿಕ್ಕಿದ ಬೋಗುಣಿ.
‘ಇದಕ್ಕೆ ಬರೀತೀನಿ’ ಅಂದೆ.

ಹೊಸ ಕನ್ನಡಕ ಬಂದ ಸಂಜೆ
ಅತ್ತೆ ಮೊದಲು ಕ್ಯಾಲೆಂಡರಿನ ಸಣ್ಣಕ್ಷರ ಓದಿದರು,
ಆಮೇಲೆ ಸೂರಿನ ಜೇಡರ ಬಲೆ,
ಆಮೇಲೆ ನಾನು.
‘ಯವ್ವಾ, ಪಾರೀ,
ಯಾವಾಗ ಇಷ್ಟು ಬೆಳ್ಳಗಾತು ನಿನ್ನ ತಲೆ?’

ಅದರ ತಾರೀಖು ನನ್ನ ಹತ್ತಿರ ಇರಲಿಲ್ಲ.

ಅವರು ಸಿಂಕಿನ ಮೂಲೆಗೆ ಹೋದರು.
ಕೆದರಿದ ಬ್ರಷ್ಷನ್ನು ಬಿಸಿನೀರಲ್ಲಿ ತೊಳೆದು
ತೆಂಗಿನ ಚಿಪ್ಪಿನಲ್ಲಿ ಕಪ್ಪು ಕಲಸಿ
ನನ್ನ ಹೆಗಲಿಗೆ ಆ ಬನಿಯನ್ನು ಹೊದಿಸಿ,
‘ಎಸೀಬ್ಯಾಡ ಅಂದಿದ್ದು ಇದಕ್ಕಽ’ ಎಂದು
ಬೈತಲೆಯಿಂದ ಶುರುಮಾಡಿದರು,
ಒಂದೊಂದೇ ಎಳೆ, ಹೊಸ ಕಣ್ಣಿನಲ್ಲಿ.

ಚುಚ್ಚುತ್ತಿತ್ತು.
ನಾನು ಹೇಳಲಿಲ್ಲ.