ಫಿಲಿಪ್ಪನ ಮೂಗು

ಬೋರಾ ಗಾಳಿ ಎದ್ದ ದಿನ ತ್ರಿಯೆಸ್ತೆಯಲ್ಲಿ
ಅಂಗಡಿಗಳಿಗೆಲ್ಲ ಅರ್ಧ ಬಾಗಿಲು.
ಕಿವಿಗೆ ಸುತ್ತಿದ ಉಣ್ಣೆವಸ್ತ್ರ ಹಿಡಿದುಕೊಂಡೇ
ಕಾಲುವೆ ಪಕ್ಕದ ಸಂದಿಗೆ ನುಗ್ಗುತ್ತೇನೆ.
ಏನು ಬೇಕೆಂದು ಎಜಿದಿಯೊ ಕೇಳುವುದಿಲ್ಲ.
ಖಾನೆಯಿಂದ ಮಖಮಲ್ಲಿನ ತಟ್ಟೆ ಎಳೆದು
'ಬಂದಿದೆ ನೋಡು, ನೆರಿನಾ, ನಿನ್ನ ಹೆಣ' ಎನ್ನುತ್ತಾನೆ.

ಹೆಣವೇ ಸರಿ.
ಅಂತಿಯೋಕದ ದೊರೆ ಫಿಲಿಪ್ಪ ಮಣ್ಣಾಗಿ
ಇಪ್ಪತ್ತೋ ಮೂವತ್ತೋ ವರ್ಷ, ಲೆಕ್ಕ ಸರಿಯಾಗಿ ಸಿಗದು.
ರೋಮಿನವರಿಗೆ ಕಂದಾಯ ಎತ್ತಬೇಕಿತ್ತು,
ದಂಡಿನ ಸಂಬಳ ತೀರಿಸಬೇಕಿತ್ತು,
ಊರ ಸಂತೆಯೋ ಹೊಸ ಮುಖವನ್ನು ಮೂಸಿಯೂ ನೋಡದು.
ಎಬ್ಬಿಸಿದರು ಸತ್ತವನನ್ನು.
ತಲೆಗೆ ಅದೇ ಪಟ್ಟಿ ಬಿಗಿದು
ಮತ್ತೆ ಅರ್ಧ ಶತಮಾನ ದುಡಿಸಿದರು.

ನನ್ನ ಕಸುಬು ಹಲ್ಲು ಕಟ್ಟುವುದು.
ಮೂವತ್ತೊಂದು ವರ್ಷದಿಂದ ಕಂಡವರ ದವಡೆಗಳು
ಸುಣ್ಣದ ಬಿಳುಪಲ್ಲಿ ನನ್ನ ಕಪಾಟು ತುಂಬಿವೆ,
ಒಂದೊಂದರ ಅಡಿಗೂ ಪೆನ್ಸಿಲ್ಲಿನ ಹೆಸರು.
ಹಾಗಾಗಿ ಯಾವ ನಾಣ್ಯದಲ್ಲೂ
ಕಣ್ಣು ಮೊದಲು ಹೋಗುವುದು ಗಲ್ಲಕ್ಕೆ,
ಆಮೇಲೆ ಮುಚ್ಚಿದ ಬಾಯಿಗೆ.

ಮೊದಲ ಅಚ್ಚು ಕೊರೆದವನು ದೊರೆಯನ್ನು ಕಂಡಿದ್ದನೇನೋ.
ಎರಡನೆಯವನು ಕಂಡದ್ದು ಮೊದಲನೆಯವನ ನಾಣ್ಯ,
ಮೂರನೆಯವನು ಎರಡನೆಯವನದು.
ಕೇಳಿದ್ದನ್ನು ಕೇಳಿ ಹೇಳಿದ ಮಾತಿನ ಹಾಗೆ
ಗುಂಗುರು ಕೂದಲು ತಂತಿಯಾಯಿತು,
ಮೂಗು ಬೆಳೆಯಿತು, ಬಾಗಿತು.
ನನ್ನ ಪೆಟ್ಟಿಗೆಯಲ್ಲಿ ಹನ್ನೊಂದು ಫಿಲಿಪ್ಪರು;
ಸಾಲಾಗಿ ಇಟ್ಟರೆ
ಮನುಷ್ಯನೊಬ್ಬ ಮೆಲ್ಲಗೆ ಗಿಳಿಯಾಗುವುದು ಕಾಣುತ್ತದೆ.

ಹಿಂಬದಿಯಲ್ಲಿ ಪೀಠದ ಮೇಲೆ ಜ್ಯೂಸ್ ದೇವರು,
ಪಕ್ಕದಲ್ಲಿ ಗ್ರೀಕ್ ಅಕ್ಷರಗಳ ಬಿರುದು: ಸೋದರಪ್ರೇಮಿ.
ಒಡಹುಟ್ಟಿದವರ ಜೊತೆ ಕಾದಾಡಿಯೇ ಬದುಕಿದವನಿಗೆ!
ಅಂಚಿನಲ್ಲಿ ಎಲ್ಲೋ ಹೆಣೆದುಕೊಂಡ ಎರಡು ಮೂರು ಅಕ್ಷರ,
ರೋಮಿನಿಂದ ಬಂದ ಅಧಿಕಾರಿಯ ಗುರುತು,
ಬಾಡಿಗೆದಾರ ಬಾಗಿಲಿಗೆ ಅಂಟಿಸಿದ ಚೀಟಿಯಷ್ಟು.

ಹೋದ ಚಳಿಗಾಲ ಒಂದು ಸೆಟ್ ಹಲ್ಲು ಅರ್ಧಕ್ಕೆ ನಿಂತಿತ್ತು.
ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ದುಯಿಲಿಯೊ ಮಾರ್ಸಿಚ್,
ಗುರುವಾರ ಒಪ್ಪಿಸಬೇಕು, ಮಂಗಳವಾರ ಹೋಗಿಬಿಟ್ಟ.
ಹೆಂಡತಿ ಓಂದಿನಾ ಬಂದಾಗ
ಮುಂಗಡ ವಾಪಸು ಕೇಳುತ್ತಾಳೆಂದುಕೊಂಡೆ.
'ಮುಗಿಸಿಕೊಡಿ' ಅಂದಳು, 'ಬಾಕಿ ತಂದಿದ್ದೇನೆ.'
ಯಾರ ಬಾಯಿಗೆ?
ಕೇಳಲಿಲ್ಲ ನಾನು.
ಎರಡು ರಾತ್ರಿ ಕೂತು ಹೊಳಪು ಕೊಟ್ಟೆ,
ಎಡಗಡೆಯ ಕೋರೆಹಲ್ಲನ್ನು ಮದುವೆಯ ಫೋಟೊದಲ್ಲಿದ್ದಂತೆ
ಒಂದಿಷ್ಟು ಓರೆ ಇಟ್ಟೆ.
ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಳು.
ಮೆಟ್ಟಿಲಿಳಿಯುವಾಗ ಅವಳ ಕೈಚೀಲದಲ್ಲಿ
ಕಟಕಟ, ಸಣ್ಣಗೆ.

ಇವತ್ತಿನ ಫಿಲಿಪ್ಪನ ಕತ್ತಿಗೆ ಕಚ್ಚು ಬಿದ್ದಿದೆ.
'ಪೆಟ್ಟಾದ ಮಾಲು, ಅರ್ಧ ಬೆಲೆ ಕೊಡು' ಎನ್ನುತ್ತಾನೆ ಎಜಿದಿಯೊ.
ಉಗುರಿಟ್ಟು ನೋಡಿದೆ, ಆಳವಾಗಿದೆ.
ಎಣ್ಣೆ ಮಾರುವವಳೋ, ಕತ್ತೆ ಬಾಡಿಗೆಗೆ ಬಿಡುವವನೋ,
ದೊರೆಯನ್ನು ನಂಬದೆ, ರೋಮನ್ನೂ ನಂಬದೆ
ಉಳಿ ಇಟ್ಟು ಒಂದೇ ಏಟು.
ಒಳಗೂ ಬೆಳ್ಳಿಯೇ, ಅಲ್ಲಲ್ಲಿ ತಾಮ್ರದ ಕೆಂಪು.
ಆಮೇಲೆ ಆತ ಏನು ಮಾಡಿರಬೇಕು?
ಹಲ್ಲು ಕಿರಿದು ನಡುಪಟ್ಟಿಗೆ ಸಿಕ್ಕಿಸಿಕೊಂಡಿರಬೇಕು.
ಹನ್ನೊಂದರಲ್ಲಿ ಯಾವುದರ ಮೇಲೂ ಇಲ್ಲದ್ದು
ಇದರ ಮೇಲಿದೆ: ಬದುಕಿದ್ದವರೊಬ್ಬರ ಕೈ.

ಪಿಂಗಾಣಿ ಪುಡಿ ತೂಗುವ ನನ್ನ ಪುಟ್ಟ ತಕ್ಕಡಿ ತೆಗೆದೆ.
ಹದಿನೈದು ಗ್ರಾಮಿಗೆ ಕೂದಲೆಳೆ ಕಡಿಮೆ.
'ಪೂರ್ತಿ ಬೆಲೆ ತಗೋ' ಅಂದೆ.
ಹುಚ್ಚಿ ಎಂಬಂತೆ ನೋಡಿ, ನೋಟು ಎಣಿಸಿ,
ಎಜಿದಿಯೊ ಎರಡು ಯುರೊ ಚಿಲ್ಲರೆ ಕೊಟ್ಟ.
ಅದರ ಮೇಲೂ ಸತ್ತವನೊಬ್ಬನ ಪಕ್ಕನೋಟ, ಕೊಕ್ಕೆ ಮೂಗು.
ಸರಿಯಾಗಿ ನೋಡಲೂ ಇಲ್ಲ ನಾನು;
ಮೂಲೆಯಲ್ಲಿ ಕಾಫಿಗೆ ಸಾಕಾಯಿತು.